ನಿಮ್ಮ ಹೆಚ್ಚೋ, ನಮ್ಮ ಹೆಚ್ಚೋ

ಕಳೆದ ವಾರ ಗರಿ ತುಂಬಿದ ಹಳೆಯ ದಿಂಬೊಂದನ್ನು ವಾಷಿಂಗ್ ಮೆಷಿನ್‌ಗೆ ಹಾಕಿಬಿಟ್ಟೆ. ಹಾಗೆ ಹಾಕಬಾರದೆಂದು ದಿಂಬಿನ ಮೂಲೆಯ ಪಟ್ಟಿಯಲ್ಲೇ ಬರೆದಿತ್ತು, ಅದನ್ನೆಲ್ಲ ಓದುವ ತಾಳ್ಮೆ ಯಾರಿಗಿದೆ. ಒಳಗೆ ಹೊಲಿಗೆ ಬಿಚ್ಚಿಕೊಂಡಿತ್ತು. ಬಾಗಿಲು ತೆರೆದ ಕೂಡಲೇ ಒದ್ದೆ ಗರಿಗಳು ಮುದ್ದೆಮುದ್ದೆಯಾಗಿ ಅಡುಗೆಮನೆಯ ನೆಲಕ್ಕೆ ಬಿದ್ದವು, ಹಿಂದೆಯೇ ವಾಸನೆಯೂ ಬಂತು. ನೆಂದ ಹಕ್ಕಿಯ ವಾಸನೆ. ನಮ್ಮವರು ಮಹಡಿಯಿಂದಲೇ, “ಏನೇ ಅದು, ಕೋಳಿ ಬೇಯಿಸ್ತಿದ್ದೀಯಾ?” ಎಂದು ಕೂಗಿದರು. ಮೊಟ್ಟೆಯನ್ನೂ ಮುಟ್ಟದವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಈ ಮನುಷ್ಯನಿಗೆ ನನ್ನ ಮೇಲೆ ಎಂಥ ನಂಬಿಕೆ! ಇನ್ನೊಂದು ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಆಗಲಿಲ್ಲ. ನೆಲದ ಮೇಲೆ ಕೂತು ಗರಿ ಬಳಿಯುತ್ತಾ ಬಳಿಯುತ್ತಾ ಅಳು ಬಂತು. ರೇಣುಕಾ ನೆನಪಾದಳು. ಅವಳಿಗೆ ನನ್ನಿಂದ ಆದದ್ದು ನೆನಪಾಯಿತು.

ಕರೋನಾ ಬರುವ ಮುಂಚಿನ ಚಳಿಗಾಲವಿಡೀ ಇದೇ ವಾಸನೆ ನನ್ನ ಕೂದಲಲ್ಲಿ, ಕೋಟಿನಲ್ಲಿ, ಊಟದ ಡಬ್ಬಿಯ ಚೀಲದಲ್ಲಿ ಸೇರಿಕೊಂಡಿತ್ತು. ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಾಲುವೆಯ ಆಚೆ, ತಗಡಿನ ಮಾಡಿನ ಒಂದು ದೊಡ್ಡ ಗೋದಾಮು. ಅಲ್ಲಿ ಒಂದು ಟಿವಿ ಧಾರಾವಾಹಿಗೆ ಉಡುಪು ತಯಾರಾಗುತ್ತಿತ್ತು. ಧಾರಾವಾಹಿ ಎಂದರೆ ನಮ್ಮ ಅತ್ತೆ-ಸೊಸೆ ಜಗಳದ್ದೆಂದು ತಿಳಿಯಬೇಡಿ. ಐನೂರು ವರ್ಷದ ಹಿಂದೆ ಸ್ಪೇನಿನವರು ಹಡಗು ಹತ್ತಿ ಮೆಕ್ಸಿಕೋಗೆ ಹೋಗಿ, ಅಜ್ಟೆಕ್ ದೊರೆಯ ರಾಜ್ಯವನ್ನು ನುಂಗಿ ನೀರು ಕುಡಿದ ಕಥೆ. ಕುದುರೆ, ಫಿರಂಗಿ, ದೇಗುಲ, ಎಲ್ಲವೂ ಭಾರಿ. ಚಿತ್ರೀಕರಣ ಮೆಕ್ಸಿಕೋದಲ್ಲಿ, ಉಡುಪಿನ ಒಂದು ಪಾಲು ಇಲ್ಲಿ. ನಾನು ಮೈಸೂರಿನಲ್ಲಿ ಹೊಲಿಗೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದು, ಊರಿನವರ ಪ್ಯಾಂಟಿನ ಅಂಚು ಮಡಿಚುತ್ತಾ ಮಡಿಚುತ್ತಾ ಕೊನೆಗೆ ನಾಟಕ-ಸಿನಿಮಾದ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದವಳು. ಉಡುಪು ವಿಭಾಗದ ಮುಖ್ಯಸ್ಥೆ ಜೂಲಿ. ಸದಾ ಕೈಯಲ್ಲಿ ಟೀ ಮಗ್ಗು, ಕೊರಳಲ್ಲಿ ಅಳತೆಯ ಟೇಪು, ಯಾರಿಗೂ ಕೆಟ್ಟ ಸುದ್ದಿ ಹೇಳಲು ಬಾಯಿ ಬಾರದ ಹೆಂಗಸು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ ಅಚ್ಚು.

ಅಜ್ಟೆಕ್ ದೊರೆಗೂ ಅವನ ಸರದಾರರಿಗೂ ಗರಿಯ ಮೇಲುಹೊದಿಕೆಗಳು ಬೇಕಾಗಿದ್ದವು. ಅಲ್ಲಿಯವರು ಆ ಕಾಲದಲ್ಲಿ ಒಂದೊಂದು ಗರಿಯ ಬುಡವನ್ನೂ ಬಗ್ಗಿಸಿ, ದಾರದಿಂದ ಬಲೆಗೆ ಗಂಟು ಹಾಕುತ್ತಿದ್ದರಂತೆ. ಅಂಟು ಹಾಕಿದರೆ ಕ್ಯಾಮೆರಾದಲ್ಲಿ ಗೊತ್ತಾಗುತ್ತದೆ, ಗಂಟೇ ಬೇಕು ಎಂದು ಮೇಲಿನವರ ಹಟ. ಅವರು ಬಳಸುತ್ತಿದ್ದ ಅಸಲಿ ಹಸಿರು ಹಕ್ಕಿಯ ಗರಿಯನ್ನು ಈಗ ಕಾನೂನಿನ ಪ್ರಕಾರ ಮುಟ್ಟುವಂತಿಲ್ಲ. ಬಾತು-ಹುಂಜಗಳ ಗರಿಗೆ ಹಸಿರು ಬಣ್ಣ ಹಾಕಿಸಿ ತಂದು, ಆವಿಯಲ್ಲಿ ಹಿಡಿದು ನೆಟ್ಟಗೆ ಮಾಡಬೇಕು. ಆ ವಾಸನೆ ಬಂದದ್ದೇ ಅಲ್ಲಿಂದ. ಇಷ್ಟೊಂದು ಸಣ್ಣ ಗಂಟುಗಳನ್ನು ಯಾರು ಹಾಕುತ್ತಾರೆ ಎಂದು ಜೂಲಿ ತಲೆ ಮೇಲೆ ಕೈ ಹೊತ್ತಾಗ ನನಗೆ ತಟ್ಟನೆ ಹೊಳೆದದ್ದು ಸೀರೆಯ ಸೆರಗಿನ ಕುಚ್ಚು. ನಮ್ಮ ಹೆಂಗಸರಿಗೆ ಇದೇನು ಮಹಾ!

ರೇಣುಕಾಳ ಪರಿಚಯವಾಗಿದ್ದು ಆ ಸಲದ ದಸರೆಯಲ್ಲಿ, ಪಕ್ಕದ ಹೇಸ್‌ನ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದ್ದಾಗ. ಗದಗಿನ ಬೆಟಗೇರಿಯವಳು. ಗಂಡ ಬಸವರಾಜ ನರ್ಸ್ ಕೆಲಸದ ವೀಸಾದಲ್ಲಿ ಬಂದಿದ್ದ, ಅವನ ಹಿಂದೆ ಇವಳು. ಅವತ್ತು ಯಾರದೋ ಸೀರೆಯ ಕುಚ್ಚು ಬಿಚ್ಚಿಕೊಂಡಿತ್ತೆಂದು, ಉಟ್ಟವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದಲ್ಲಿ ಕೂತು ಮಾತಾಡುತ್ತಲೇ ಗಂಟು ಹಾಕುತ್ತಿದ್ದಳು. ತನ್ನ ಕೈಯತ್ತ ನೋಡುತ್ತಲೇ ಇರಲಿಲ್ಲ.

“ಕುಚ್ಚು ತುಂಬ ಚೆನ್ನಾಗಿ ಕಟ್ತೀಯಮ್ಮ,” ಎಂದೆ.

“ನಾವ್ ಇದಕ್ಕ ಗೊಂಡೆ ಅಂತೀವ್ರಿ ಅಕ್ಕಾರ. ಬೆಟಗೇರಿಯಾಗ ನನ್ನಂಗ ಗಂಟ್ ಹಾಕಾವ್ರು ಇನ್ನೊಬ್ರ ಇದ್ರ ತೋರಸ್ರಿ, ನಾ ದಾರ ಮುಟ್ಟಾಂಗಿಲ್ಲ,” ಎಂದಳು. ವಿನಯ ಎಂಬುದು ಅವಳ ಹತ್ತಿರ ಸುಳಿದಿರಲಿಲ್ಲ. ನನಗೆ ಅದೇ ಇಷ್ಟವಾಯಿತು.

ಅವಳಿಗೆ ಆಗ ಹೇಸ್‌ನಲ್ಲೇ, ವಿಮಾನಗಳಿಗೆ ಊಟ ಕಟ್ಟುವ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸವಿತ್ತು. ತಣ್ಣನೆಯ ಹಾಲ್‌ನಲ್ಲಿ ನಿಂತು ತಟ್ಟೆಗೆ ಬಟಾಣಿ ಸುರಿಯುವುದು. ಕೆಲಸ ಬೇಸರದ್ದು, ಆದರೆ ಕಾಯಂ. ನಾನೇ ದುಂಬಾಲು ಬಿದ್ದು, ಮಾರ್ಚ್‌ವರೆಗೆ ಸಂಬಳವಿಲ್ಲದ ರಜೆ ಹಾಕಿಸಿ ಗೋದಾಮಿಗೆ ಕರೆತಂದೆ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. “ನಾನಿದ್ದೀನಲ್ಲ, ಜೂಲಿ ಹೇಳಿದ್ದೆಲ್ಲ ನಿಂಗೆ ಕನ್ನಡದಲ್ಲಿ ಹೇಳ್ತೀನಿ,” ಎಂದು ಧೈರ್ಯ ಕೊಟ್ಟವಳೂ ನಾನೇ.

ಈಗ ನನ್ನ ಅಜ್ಜಿಯ ವಿಷಯ ಹೇಳಲೇಬೇಕು. ಒಡೆದ ಬಳೆಗೆ ಒಡೆಯಿತು ಎನ್ನಬಾರದು, ‘ಹೆಚ್ಚಿತು’ ಎನ್ನಬೇಕು, ಮುಗಿದ ಕುಂಕುಮಕ್ಕೆ ‘ಹೆಚ್ಚಿದೆ’ ಎನ್ನಬೇಕು, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಎನ್ನಬೇಕು. ಇದು ಬಹಳ ಮನೆಗಳಲ್ಲಿ ಇರುವುದೇ. ನನ್ನ ಅಜ್ಜಿ ಮಾತ್ರ ಅದನ್ನು ಬಳೆ-ಕುಂಕುಮಕ್ಕೆ ಬಿಡದೆ ಇಡೀ ಮನೆಗೆ ಹಬ್ಬಿಸಿದ್ದರು. ಅಕ್ಕಿ ಮುಗಿದರೂ ಹೆಚ್ಚಿದೆ, ಉಪ್ಪು ಮುಗಿದರೂ ಹೆಚ್ಚಿದೆ, ಸೀಮೆಎಣ್ಣೆ ಖಾಲಿಯಾದರೂ ಹೆಚ್ಚಿದೆ. ‘ಇಲ್ಲ’, ‘ಮುಗೀತು’ ಎಂದು ಬಾಯಿಂದ ಬಂದರೆ, “ಬಿಡ್ತು ಅನ್ನು!” ಎಂದು ತಲೆಗೆ ಮೊಟಕುತ್ತಿದ್ದರು. ಆ ಮೊಟಕು ನನ್ನ ನಾಲಗೆಯಲ್ಲಿ ಉಳಿದುಬಿಟ್ಟಿದೆ. ಲಂಡನ್ನಿಗೆ ಬಂದು ಎಷ್ಟೋ ವರ್ಷವಾದರೂ ಹಾಲು ಖಾಲಿಯಾದರೆ ನಮ್ಮವರಿಗೆ, “ಹಾಲು ಹೆಚ್ಚಿದೆ, ತನ್ನಿ,” ಎಂದೇ ಹೇಳುವುದು.

ರೇಣುಕಾ ಸೇರಿದ ಹೊಸತರಲ್ಲಿ ಒಂದು ದಿನ ಅವಳ ಮೇಜಿನ ಪಕ್ಕ ಹಾಯುತ್ತಾ, “ಹಸಿರು ದಾರ ಹೆಚ್ಚಿದೆ ಕಣಮ್ಮ,” ಎಂದು ಹೇಳಿ ಅಳತೆ ನೋಡಲು ಹೋದೆ. ಜೋಪಾನ ಮಾಡಲಿ ಎಂದು ನಾನು ಹೇಳಿದ್ದು. ದಾರ ಬೇಕಾದಷ್ಟಿದೆ ಎಂದು ಅವಳು ತಿಳಿದು, ಒಂದೊಂದು ಗರಿಗೂ ಒಂದರ ಮೇಲೊಂದು ಗಂಟು ಬಿಗಿದಳು. ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಂತಿತು. ನಾನು ಬಂದು ಹಣೆ ಚಚ್ಚಿಕೊಂಡು ಅಜ್ಜಿಯ ಪುರಾಣವನ್ನೆಲ್ಲ ಬಿಚ್ಚಿದೆ.

“ಬಳಿಗೆ ನಮ್ಮಲ್ಲೂ ಹಂಗ ಅಂತಾರ್ರಿ ಅಕ್ಕಾರ, ದಾರಕ್ಕ ಯಾರ್ ಅಂತಾರ್ರಿ?” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೂಲಿಗೆ ವಿಷಯ ವಿವರಿಸಿದಾಗ ಅವಳೂ ನಕ್ಕಳು. ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಅಂದಿನಿಂದ ನನ್ನ ಬಾಯಲ್ಲಿ ಆ ಪದ ಬಂದರೆ ಸಾಕು, ಗೋದಾಮಿನ ಆ ತುದಿಯಿಂದ ರೇಣುಕಾ ಕೂಗುತ್ತಿದ್ದಳು: “ನಿಮ್ಮ ಹೆಚ್ಚೋ, ನಮ್ಮ ಹೆಚ್ಚೋ?” ನನ್ನ ಕಡೆಯದೆಂದರೆ ಮುಗಿದದ್ದು, ಅವಳ ಕಡೆಯದೆಂದರೆ ಉಕ್ಕಿದ್ದು. ನಾನು ಉತ್ತರ ಕೊಟ್ಟ ಮೇಲೇ ಅವಳ ಕೈ ಮುಂದೆ ಸಾಗುತ್ತಿತ್ತು.

ಆ ಚಳಿಗಾಲದಷ್ಟು ನಾನು ಈ ದೇಶದಲ್ಲಿ ಎಂದೂ ನಕ್ಕಿಲ್ಲ. ಮಧ್ಯಾಹ್ನ ಕಳೆಯುತ್ತಲೇ ಕತ್ತಲು, ತಗಡಿನ ಮೇಲೆ ಬಿಡದ ಜಿಟಿಜಿಟಿ, ಒಳಗೆ ಆವಿಯ ಬಿಸುಪು. ಇಬ್ಬರೂ ಸಸ್ಯಾಹಾರಿಗಳು, ಇಬ್ಬರ ಮೈಯೂ ಹುಂಜದ ವಾಸನೆ. “ಮನಿಗೆ ಹೋದ ಕೂಡ್ಲೇ ನಮ್ಮವ್ರು ಮೊದ್ಲ ಜಳಕಾ ಮಾಡು ಅಂತಾರ್ರಿ, ಆಮ್ಯಾಲ ಚಾ,” ಎನ್ನುತ್ತಿದ್ದಳು. ಡಬ್ಬಿಯಲ್ಲಿ ಅವಳ ಖಡಕ್ ರೊಟ್ಟಿ, ನನ್ನ ಚಿತ್ರಾನ್ನ. ಅವಳ ಶೇಂಗಾ ಚಟ್ನಿಯ ರುಚಿ ಹತ್ತಿದ ಮೇಲೆ ನನ್ನ ಚಿತ್ರಾನ್ನ ನನಗೇ ಸಪ್ಪೆಯಾಯಿತು.

ದೊರೆಯ ಹೊದಿಕೆಯನ್ನು ಕಟ್ಟಿದವಳು ರೇಣುಕಾ. ಸ್ಪೇನಿನ ದಳಪತಿಯನ್ನು ದೊರೆ ಎದುರುಗೊಳ್ಳುವ ದೃಶ್ಯಕ್ಕೆ ಅದು. ಹೊದಿಕೆ ನಡಿಗೆಗೆ ಹೇಗೆ ಅಲುಗಬೇಕೆಂದು ತಿಳಿಯಲಿ ಅಂತ ಜೂಲಿ ನಮಗೆ ಆ ದೃಶ್ಯ ಹೇಳಿದಳು, ನಾನು ಕನ್ನಡದಲ್ಲಿ ರೇಣುಕಾಗೆ ಹೇಳಿದೆ. ದೊರೆ ಬಂದವರಿಗೆ ಮರ್ಯಾದೆಯ ಮಾತಾಡುತ್ತಾನೆ. ದಣಿದು ಬಂದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ, ಇದು ನಿಮ್ಮದೇ ಮನೆ ಎನ್ನುತ್ತಾನೆ. ನಡುವೆ ನಿಂತು ಮಾತು ದಾಟಿಸುವವಳು ಒಬ್ಬ ಹುಡುಗಿ, ಎರಡು ನುಡಿ ಬಲ್ಲವಳು. ಅವಳು ದಾಟಿಸಿದ್ದನ್ನು ಕೇಳಿದ ದಳಪತಿ, ದೊರೆ ರಾಜ್ಯವನ್ನೇ ತನಗೊಪ್ಪಿಸಿದ ಎಂದು ಹಿಡಿಯುತ್ತಾನೆ.

ರೇಣುಕಾ ಸೂಜಿ ಕೆಳಗಿಟ್ಟಳು. “ನಿಮ್ಮನಿ ಅಂತ ತಿಳ್ಕೋರಿ ಅಂದ್ರ ಖರೇನ ತಿಳ್ಕೊಂಡ್ರೇನ್ರಿ! ನಮ್ಮ ಮನ್ಯಾಗ ಬಂದೋರಿಗೆಲ್ಲ ಹಂಗ ಅಂತೀವಿ, ಯಾರರ ಕಾಗದಪತ್ರ ಕೇಳ್ಯಾರೇನ್ರಿ? ಆ ಹುಡುಗೀಗೆ ಬಾಯಿ ಇದ್ದಿದ್ದಿಲ್ಲೇನು? ಇದು ಬರೇ ಮರ್ಯಾದಿ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ?”

“ಪಾಪ, ಆ ಗದ್ದಲದಲ್ಲಿ ಅವಳೇನು ಮಾಡ್ತಾಳೆ ಬಿಡು,” ಎಂದೆ. ಆ ಹುಡುಗಿಯ ಬಿಳಿ ಅಂಗಿಯನ್ನು ಕತ್ತರಿಸುತ್ತಿದ್ದವಳು ನಾನು.

ಹೊದಿಕೆ ಮುಗಿದ ದಿನ ಅದನ್ನು ಗೊಂಬೆಗೆ ತೊಡಿಸಿ ದೀಪ ಹಾಕಿದಾಗ ಎಲ್ಲರೂ ಕೆಲಸ ಬಿಟ್ಟು ಸುತ್ತ ಬಂದು ನಿಂತರು. ಹಸಿರು ಒಂದೇ ಸಮ ಹರಿಯುತ್ತಿತ್ತು, ಗಾಳಿಗೆ ಬಾಗುವ ಜೋಳದ ಹೊಲದ ಹಾಗೆ. ರೇಣುಕಾ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾರ, ಇದರ ಮುಂದ ನಂದೊಂದು ಫೋಟೋ ಹೊಡೀರಿ. ಅಕ್ಷತಾಗ ಕಳಸ್ತೇನಿ,” ಎಂದಳು. ಅಕ್ಷತಾ ಅವಳ ಮಗಳು. ಒಂಬತ್ತು ವರ್ಷದವಳನ್ನು ಬೆಟಗೇರಿಯಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಗೋದಾಮಿನಲ್ಲಿ ಫೋಟೋ ತೆಗೆಯಬಾರದೆಂದು ನಮ್ಮೆಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು. ಹಾಗೆಂದು ಬೇರೆಯವರು ಕದ್ದುಮುಚ್ಚಿ ತೆಗೆಯದೆ ಇರಲಿಲ್ಲ. ನಾನು ಮಾತ್ರ ನಿಯಮ ಹೇಳಿದೆ. “ಟಿವೀಲಿ ಬಂದಾಗ ನೋಡ್ತಾಳೆ ಬಿಡು,” ಎಂದೆ. ಅವಳು ಹೌದೆಂದು ತಲೆಯಾಡಿಸಿದಳು.

ಮಗಳನ್ನು ಆ ಬೇಸಿಗೆಯಲ್ಲಿ ಕರೆಸಿಕೊಳ್ಳುವುದು ಅವಳ ಒಂದೇ ಧ್ಯಾನವಾಗಿತ್ತು. ಹೇಸ್‌ನಲ್ಲಿ ಸಾಲುಮನೆಯೊಂದರ ಒಂದೇ ಕೋಣೆಯಲ್ಲಿ ಗಂಡ-ಹೆಂಡತಿ ಇದ್ದರು. ಮಗು ಬಂದರೆ ಬೇರೆ ಫ್ಲ್ಯಾಟ್ ಬೇಕು, ಫ್ಲ್ಯಾಟಿಗೆ ಇಬ್ಬರ ಸಂಬಳ ಬೇಕು. ಫೆಬ್ರವರಿ ಹೊತ್ತಿಗೆ ಎರಡನೇ ಸೀಸನ್ನಿನ ಮಾತು ಗೋದಾಮಿನಲ್ಲಿ ಓಡಾಡತೊಡಗಿತ್ತು. ಇನ್ನೂ ವರ್ಷಗಟ್ಟಲೆ ಕೆಲಸವಂತೆ, ಸೈನ್ಯಕ್ಕೆಲ್ಲ ಗರಿಯಂತೆ. ಮಾರ್ಚ್ ಬರುತ್ತಲೇ ಅತ್ತ ಅಡುಗೆಮನೆಯವರು, ರಜೆ ಮುಗಿಯಿತು, ವಾಪಸ್ ಬರುತ್ತೀಯೋ ಇಲ್ಲವೋ ಈ ಶುಕ್ರವಾರ ಹೇಳಿಬಿಡು ಎಂದರು.

“ಅಕ್ಕಾರ, ನಿಮ್ಮ ಜೂಲಿನ್ನ ಒಂದ್ ಮಾತು ಕೇಳ್ರಿ. ಇಲ್ಲಿ ಕೆಲ್ಸ ಮುಂದ ಐತಿ ಅಂದ್ರ ಅಲ್ಲಿ ಬಿಡ್ತೇನಿ. ಇಲ್ಲಂದ್ರ ಸುಮ್ನ ಬಟಾಣಿ ಹಾಕಾಕ ಹೋಗ್ತೇನಿ. ನೀವು ಹೇಳಿದ್ದ ಖರೆ,” ಎಂದಳು. ನಾನು ಕೇಳಿದೆ. ತಿಳಿದ ಕೂಡಲೇ ಫೋನ್ ಮಾಡುತ್ತೇನೆ ಎಂದಳು ಜೂಲಿ.

ಫೋನ್ ಬಂದದ್ದು ಗುರುವಾರ. ಮಾರ್ಚ್ ತಿಂಗಳ ಒದ್ದೆ ಮಧ್ಯಾಹ್ನ, ನಾನು ಕಾಲುವೆಯ ದಡದಲ್ಲಿ ಮನೆಗೆ ನಡೆಯುತ್ತಿದ್ದೆ. ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲೂ ಕರೋನಾವೇ. ಜೂಲಿಯ ದನಿ ಬಿದ್ದುಹೋಗಿತ್ತು. ಮೆಕ್ಸಿಕೋದಲ್ಲಿ ಚಿತ್ರೀಕರಣ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದಾರೆ, ಮುಂದಕ್ಕೆ ಹಾಕಿಲ್ಲ, ಪೂರ್ತಿ ಕೈಬಿಟ್ಟಿದ್ದಾರೆ ಎಂದಳು. “ರೇಣುಕಾಗೆ ನೀನೇ ಹೇಳು ಸುಧಾ, ನನ್ನ ಇಂಗ್ಲಿಷ್ ಅವಳಿಗೆ ತಿಳಿಯಲ್ಲ,” ಎಂದಳು. ಇಂಗ್ಲಿಷ್ ನೆಪ ಮಾತ್ರ ಎಂದು ನನಗೆ ಗೊತ್ತಿತ್ತು.

ಅಲ್ಲೇ ಸೇತುವೆಯ ಕೆಳಗೆ ನಿಂತು ರೇಣುಕಾಗೆ ಫೋನ್ ಹಚ್ಚಿದೆ. ಅವಳ ಹಿಂದೆ ಬಸವರಾಜನ ದನಿ, ಇನ್ನಾರದೋ ಇಂಗ್ಲಿಷ್, ಖಾಲಿ ಕೋಣೆಯ ಮಾರ್ದನಿ.

“ಅಕ್ಕಾರ! ಮನಿ ನೋಡಾಕ ಬಂದೀವ್ರಿ. ಎರಡು ಬೆಡ್‌ರೂಮ್ ಅದಾವ, ಸಣ್ಣದರಾಗ ಅಕ್ಷತಾಗ ಮಂಚ ಹಾಕಬೌದ್ರಿ. ಈಗ ಹೊಸ್ತಿಲದಾಗ ನಿಂತೀನಿ, ಛಲೋ ಮಾತು ಹೇಳ್ರಿ, ಕೇಳಿ ಒಳಗ ಕಾಲಿಡ್ತೇನಿ.”

ಏನು ಹೇಳಲಿ? ಕೆಲಸ ಹೋಯ್ತು, ನಿಂತುಹೋಯ್ತು, ಇಲ್ಲ: ಎಷ್ಟೊಂದು ಮಾತುಗಳಿವೆ ಕನ್ನಡದಲ್ಲಿ. ಹೊಸಮನೆಯ ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳಿಗೆ ಅವುಗಳಲ್ಲಿ ಒಂದೂ ನನ್ನ ನಾಲಗೆಯ ಮೇಲೆ ಬರಲಿಲ್ಲ. “ರೇಣುಕಾ... ಕೆಲಸ ಹೆಚ್ಚಾಯ್ತು ಕಣಮ್ಮ,” ಎಂದೆ.

“ಹೌದ್ರೀ? ಏ ಬಾಳ ಛಲೋ ಆತ್ರಿ ಅಕ್ಕಾರ!” ಎಂದಳು. ಆಮೇಲೆ ಗಂಡನಿಗೆ ಏನೋ ಕೂಗಿ ಹೇಳುತ್ತಲೇ ಫೋನ್ ಇಟ್ಟಳು.

ಯಾವಾಗಲೂ ಕೇಳುವ ಪ್ರಶ್ನೆಯನ್ನು ಅವಳು ಅವತ್ತು ಕೇಳಲಿಲ್ಲ. ಸಂತೋಷದ ಸುದ್ದಿಗೆ ಕಾಯುತ್ತಿದ್ದವಳಿಗೆ ಕೇಳಬೇಕೆಂದು ತೋಚಿರಲಿಕ್ಕಿಲ್ಲ. ತೋಚಬೇಕಾದದ್ದು ನನಗೆ. ಫೋನು ಕೈಯಲ್ಲೇ ಇತ್ತು, ಮತ್ತೆ ಒತ್ತಿದರೆ ಆಗಿತ್ತು. ಸೇತುವೆಯ ಕೆಳಗೆ ಸಿಗ್ನಲ್ ಸರಿಯಿಲ್ಲ, ನಾಳೆ ಎದುರುಬದುರು ಕೂತು ಸಮಾಧಾನವಾಗಿ ಹೇಳೋಣ, ಇವತ್ತೊಂದು ದಿನ ಅವಳು ಆ ಮನೆಯಲ್ಲಿ ಖುಷಿಯಾಗಿ ಓಡಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಹೋಗಿ ಅನ್ನಕ್ಕಿಟ್ಟೆ.

ಮಾರನೆಯ ಬೆಳಿಗ್ಗೆ ನನಗೆ ಕೆಮ್ಮು, ಮೈ ಕೆಂಡ. ಕೆಮ್ಮು ಬಂದವರು ಮನೆಯಿಂದ ಹೊರಡಬಾರದೆಂದು ಸರ್ಕಾರ ಆಗಷ್ಟೇ ಹೇಳಿತ್ತು. ಮೂರು ದಿನ ನನಗೆ ಬೆಳಕು-ಕತ್ತಲು ಯಾವುದೆಂದು ಗೊತ್ತಾಗಲಿಲ್ಲ. ಆ ಶುಕ್ರವಾರವೇ ರೇಣುಕಾ ಗೋದಾಮಿಗೆ ರಜೆ ಹಾಕಿ, ಅಡುಗೆಮನೆಗೆ ಹೋಗಿ ಇನ್ನು ಬರುವುದಿಲ್ಲವೆಂದು ಹೇಳಿದಳು. ಫ್ಲ್ಯಾಟಿಗೆ ಮುಂಗಡವನ್ನೂ ಕೊಟ್ಟರು. ಸೋಮವಾರ ಬೆಳಿಗ್ಗೆ ಶೇಂಗಾ ಹೋಳಿಗೆ ಮಾಡಿಕೊಂಡು, ಎಲ್ಲರಿಗೂ ಹಂಚಲೆಂದು ದೊಡ್ಡ ಡಬ್ಬಿ ಹಿಡಿದು ಗೋದಾಮಿಗೆ ಬಂದಳು.

ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಜೂಲಿ ಹೇಳಿದಳು. ಬಾಗಿಲಲ್ಲಿ ಲಾರಿ ನಿಂತಿತ್ತು. ಉಡುಪುಗಳನ್ನೆಲ್ಲ ಚೀಲಕ್ಕೆ ಹಾಕಿ ಸಾಗಿಸುತ್ತಿದ್ದರು. ರೇಣುಕಾ ಅವು ಮೆಕ್ಸಿಕೋಗೆ ಹೊರಟಿವೆ ಎಂದುಕೊಂಡು, ಹೊರುವವರ ಕೈಗೂ ಒಂದೊಂದು ಹೋಳಿಗೆ ಇಟ್ಟಳಂತೆ. ಜೂಲಿ ಎಷ್ಟು ಹೇಳಿದರೂ, “ಯೆಸ್, ಯೆಸ್, ಮೋರ್ ವರ್ಕ್,” ಎಂದು ನಗುತ್ತಿದ್ದಳಂತೆ. ಕೊನೆಗೆ ಜೂಲಿ ದೂರ ನಿಂತುಕೊಂಡೇ ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಿ ತೋರಿಸಿದಳಂತೆ. ರೇಣುಕಾ ಆ ಕೈಗಳನ್ನೇ ನೋಡಿದಳು, ಡಬ್ಬಿಯ ಮುಚ್ಚಳ ಹಾಕಿದಳು.

ಮಧ್ಯಾಹ್ನ ನನಗೆ ರೇಣುಕಾಳ ಫೋನ್ ಬಂತು. ನನ್ನ ಜ್ವರ ಹೇಗಿದೆ ಎಂದು ಕೇಳಲಿಲ್ಲ, ಅವಳಿಗೆ ಜ್ವರದ ವಿಷಯ ಗೊತ್ತೂ ಇರಲಿಲ್ಲ.

“ಅಕ್ಕಾರ. ನಿಮ್ಮ ಹೆಚ್ಚೋ, ನಮ್ಮ ಹೆಚ್ಚೋ?”

“ನಮ್ಮ ಹೆಚ್ಚು ಕಣಮ್ಮ,” ಎಂದೆ.

“ಆತ್ರಿ,” ಎಂದು ಮೆಲ್ಲಗೆ ಫೋನ್ ಇಟ್ಟಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ವಾರ ಊರೆಲ್ಲ ಬಾಗಿಲು ಹಾಕಿತು. ವಿಮಾನಗಳು ನಿಂತವು, ಆ ಅಡುಗೆಮನೆಯೂ ನಿಂತಿತು. ಆದರೆ ಅಲ್ಲಿ ಹೆಸರು ಉಳಿಸಿಕೊಂಡವರಿಗೆ ಮನೆಯಲ್ಲಿ ಕೂತಲ್ಲೇ ಸರ್ಕಾರದಿಂದ ಸಂಬಳದ ಬಹುಪಾಲು ಬರುತ್ತಿತ್ತು. ರೇಣುಕಾ ಹೆಸರು ಅಲ್ಲಿರಲಿಲ್ಲ. ವಾಪಸ್ ಸೇರಿಸಿಕೊಳ್ಳಿ ಎಂದು ಬಸವರಾಜ ಕೇಳಿದನಂತೆ, ಅವರು ಆಗುವುದಿಲ್ಲ ಎಂದರಂತೆ. ಫ್ಲ್ಯಾಟು ಕೈತಪ್ಪಿತು. ಅವನು ಕೋವಿಡ್ ವಾರ್ಡಿಗೂ ಕೋಣೆಗೂ ಓಡಾಡುತ್ತಿದ್ದರೆ ಇವಳು ಅದೇ ಕೋಣೆಯಲ್ಲಿ ಒಬ್ಬಳೇ. ನಾನು ಹುಷಾರಾದ ಮೇಲೆ ಜೋಳದ ಹಿಟ್ಟು, ಬೇಳೆ, ತರಕಾರಿ ತೆಗೆದುಕೊಂಡು ಹೋಗಿ ಬಾಗಿಲ ಮುಂದಿಟ್ಟು ದೂರ ನಿಲ್ಲುತ್ತಿದ್ದೆ. ಕಿಟಕಿಯಿಂದ ಕೈ ಬೀಸುತ್ತಿದ್ದಳು. ಮುಂದಿನ ಸಲ ಹೋದಾಗ ನನ್ನ ಡಬ್ಬಿಗಳು ತೊಳೆದು ಒರೆಸಿ, ಒಂದರಲ್ಲಿ ಶೇಂಗಾ ಚಟ್ನಿ ತುಂಬಿಕೊಂಡು ಬಾಗಿಲಲ್ಲಿ ಕಾಯುತ್ತಿರುತ್ತಿದ್ದವು. ಆ ಚಟ್ನಿಯನ್ನು ನಾನು ಬಡಿಸಿಕೊಳ್ಳಲಿಲ್ಲ. ನಮ್ಮವರು ತಿಂದರು.

ಅಕ್ಷತಾ ಬರುವ ಹೊತ್ತಿಗೆ ಎರಡು ವರ್ಷಕ್ಕೂ ಮೇಲಾಗಿತ್ತು. ವಿಮಾನಗಳೇ ಹಾರದಿದ್ದ ಮೇಲೆ ಆ ಬೇಸಿಗೆಯಲ್ಲಿ ಹೇಗೂ ಬರುವಂತಿರಲಿಲ್ಲ ಎಂದು ನಮ್ಮವರು ಇವತ್ತಿಗೂ ನನಗೆ ಸಮಾಧಾನ ಹೇಳುತ್ತಾರೆ. ಆ ಬೇಸಿಗೆಗೆ ಅವರ ಮಾತು ಸರಿ. ಅದರ ಮುಂದಿನ ಬೇಸಿಗೆಗೆ? ಎಷ್ಟು ತಪ್ಪು ಕರೋನಾದ್ದು, ಎಷ್ಟು ನನ್ನದು ಎಂದು ಪಾಲು ಹಾಕಲು ಕೂತರೆ ನನ್ನ ಪಾಲು ಯಾವಾಗಲೂ ಕೈಯಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಬಸವರಾಜನಿಗೆ ಕ್ರೋಯ್ಡನ್ ಕಡೆ ಕೆಲಸ ಸಿಕ್ಕಿ ಅವರು ಲಂಡನ್ನಿನ ಆ ತುದಿಗೆ ಹೋದರು. ಆಮೇಲೆ ನಮ್ಮ ನಡುವೆ ಉಳಿದದ್ದು ದೀಪಾವಳಿ-ಯುಗಾದಿಗಳ ಮೆಸೇಜು.

ಗರಿಯನ್ನೆಲ್ಲ ಬಳಿದು ಎಸೆದ ಮಾರನೆಯ ದಿನ ಅವಳಿಗೆ ಫೋನ್ ಮಾಡಿದೆ. ಒಂದು ಸೀರೆಗೆ ಕುಚ್ಚು ಕಟ್ಟಿಸಬೇಕಿತ್ತು ಎಂದೆ. “ಬರ್ರಿ ಅಕ್ಕಾರ,” ಎಂದಳು. ಶನಿವಾರ ರೈಲು, ಅಲ್ಲಿಂದ ಟ್ರಾಮು, ಆಮೇಲೆ ಅವಳ ಕಟ್ಟಡದ ಲಿಫ್ಟು. ಮನೆಯಲ್ಲಿ ಕುರ್ಚಿಗಳ ಬೆನ್ನ ಮೇಲೆಲ್ಲ ಜನರ ಸೀರೆ. ಅಲ್ಲಿಯ ಕನ್ನಡದವರು, ತಮಿಳರು, ಗುಜರಾತಿನವರು ಎಲ್ಲರಿಗೂ ಈಗ ಅವಳೇ ಬೇಕು. ಕೂದಲು ಸ್ವಲ್ಪ ನರೆತಿದೆ. ಜಂಬ ನರೆತಿಲ್ಲ.

ಚಹಾ ತಂದವಳು ಅಕ್ಷತಾ. ತಾಯಿಗಿಂತ ಎತ್ತರ. “ಹಾಯ್ ಆಂಟಿ,” ಎಂದಳು. ರೇಣುಕಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿಯ ಮಕ್ಕಳೆಲ್ಲ ಹಾಗೆಯೇ ಎಂದುಕೊಂಡೆ. ಅಷ್ಟರಲ್ಲಿ ಬೆಟಗೇರಿಯಿಂದ ಅಜ್ಜಿಯ ವಿಡಿಯೋ ಕಾಲ್ ಬಂತು. ಹುಡುಗಿ ಸೋಫಾದಲ್ಲಿ ಕಾಲು ಮಡಿಚಿ ಕೂತು, “ಯವ್ವಾ, ಉಂಡ್ಯೇನ? ಮೊಣಕಾಲು ಹೆಂಗದಾವ?” ಎಂದು ಶುರು ಮಾಡಿದಳು. ಎಂಥ ಸೊಗಸಾದ ಕನ್ನಡ!

“ನೋಡ್ರಿ,” ಎಂದಳು ರೇಣುಕಾ, ದಾರ ಸವರುತ್ತಾ. “ಅವರವ್ವನ ಜೋಡಿ ಕನ್ನಡ. ನನ್ನ ಜೋಡಿ ಇಂಗ್ಲಿಷು.” ಅವರವ್ವ ಎಂದು ಅವಳು ಹೇಳಿದ್ದು ಅಜ್ಜಿಗೆ.

ಫೋನ್ ಮುಗಿಸಿ ಬಂದ ಅಕ್ಷತಾ ನನ್ನ ಮುಂದೆ ನಿಂತು, ಇಂಗ್ಲಿಷನ್ನೂ ಕನ್ನಡವನ್ನೂ ಬೆರೆಸಿ ಕೇಳಿದಳು. “ಆಂಟಿ, ಈಸ್ ಇಟ್ ಟ್ರೂ? ಅಮ್ಮ ಯಾವುದೋ ರಾಜನಿಗೆ ಗರಿಯ ಕ್ಲೋಕ್ ಮಾಡಿದ್ರಂತೆ? ಶೀ ಹ್ಯಾಸ್ ನೋ ಫೋಟೋ.”

“ನಿಜ ಕಣೇ,” ಎಂದೆ. “ಅಜ್ಟೆಕ್ ದೊರೆಗೆ. ಇಡೀ ಹೊದಿಕೆ ನಿಮ್ಮಮ್ಮನದೇ ಕೈ. ಫೋಟೋ ಕೇಳಿದ್ದಳು, ನಾನೇ ತೆಗೀಲಿಲ್ಲ.”

“ಎಲ್ಲಿ ನೋಡಬಹುದು? ಯಾವ ಆ್ಯಪ್‌ನಲ್ಲಿದೆ?”

“ಎಲ್ಲೂ ಇಲ್ಲ. ಅದನ್ನ ಮಧ್ಯದಲ್ಲೇ ನಿಲ್ಲಿಸಿಬಿಟ್ಟರು. ಮುಗಿದುಹೋಯ್ತು.”

ರೇಣುಕಾಳ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. “ಈಗ ಬಂತಲ್ರೀ ಅಕ್ಕಾರ ಬಾಯಾಗ ಆ ಮಾತು,” ಎಂದಳು. ನಗುತ್ತಿದ್ದಳೋ ಇಲ್ಲವೋ, ಬೆಳಕು ಅವಳ ಹಿಂದಿತ್ತು.

ಹುಡುಗಿ ಕೋಣೆಗೆ ಹೋದಳು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಲೇಬೇಕೆನಿಸಿತು. “ರೇಣುಕಾ, ನನ್ನ ಮೇಲಿನ ಸಿಟ್ಟು ಇನ್ನೂ ಇದೆಯೇನಮ್ಮ?”

ಅವಳು ಗಂಟನ್ನು ಬಿಗಿದು, ಹಲ್ಲಿನಿಂದ ದಾರ ಕಡಿದು, ಸೆರಗನ್ನು ಕೊಡವಿ ನನ್ನ ಮಡಿಲಿಗೆ ಹಾಕಿದಳು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕುಚ್ಚು ನೋಡಿರಲಿಲ್ಲ.

“ಸಿಟ್ಟೇನ್ರಿ?” ಎಂದಳು. “ಅದು ಹೆಚ್ಚಾಗೇತ್ರಿ ಅಕ್ಕಾರ.”

ನಿಮ್ಮ ಹೆಚ್ಚೋ, ನಮ್ಮ ಹೆಚ್ಚೋ ಎಂದು ಕೇಳಲು ಬಾಯಿ ತೆರೆದೆ. ಅವಳು ಕುಂಕುಮದ ಬಟ್ಟಲು ತಂದು ನನ್ನ ಹಣೆಗೆ ಇಟ್ಟಳು, ಲಿಫ್ಟಿನವರೆಗೆ ಬಂದಳು, ಬಾಗಿಲು ಮುಚ್ಚುವವರೆಗೂ ನಿಂತಳು. ನಾನು ಕೇಳಲಿಲ್ಲ.